ಮಂಟಪದ ಖರ್ಚು, ಕೈಗಳ ಲೆಕ್ಕ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಬ್ರಾಂಪ್ಟನ್‌ನಲ್ಲಿ ಮನೆ ಕೊಂಡಾಗ ಮೊದಲನೆಯದನ್ನು ಅರ್ಧ ನೋಡಿದ್ದೆವು. (ಉಳಿದರ್ಧ ಮಾರ್ಟ್‌ಗೇಜ್ ತೀರಿದ ದಿನ ನೋಡಬೇಕು!) ಎರಡನೆಯದನ್ನು 2025ರ ಮೇ ತಿಂಗಳಲ್ಲಿ, ವಿಕ್ಟೋರಿಯಾ ಡೇ ವಾರಾಂತ್ಯದಲ್ಲಿ, ನಮ್ಮ ಮನೆಯ ತಂಗಿಯ ಮದುವೆ ಮಾಡಿ ನೋಡಿದೆವು. ಮದುವೆ ಚೆನ್ನಾಗಿಯೇ ಆಯಿತು. ಹುಡುಗ ಹುಡುಗಿ ಸುಖವಾಗಿದ್ದಾರೆ. ಆದರೆ ಮದುವೆಯ ಮಂಟಪದ ವಿಷಯದಲ್ಲಿ ನಾವು ಮಾಡಿದ ಒಂದು ಲೆಕ್ಕ ತಪ್ಪಾಗಿತ್ತು. ಆ ತಪ್ಪನ್ನು ಓದುಗರ ಮುಂದೆ ಇಡುವುದೇ ಈ ಬರಹದ ಉದ್ದೇಶ. ನಮ್ಮ ಹಾಗೆ ಮದುವೆ, ಮುಂಜಿ, ಸೀಮಂತಗಳ ಸಿದ್ಧತೆಯಲ್ಲಿ ಇರುವವರಿಗೆ ಇದರಿಂದ ಏನಾದರೂ ಪ್ರಯೋಜನವಾದರೆ ಸಂತೋಷ.

ಮಿಸ್ಸಿಸಾಗಾದಲ್ಲಿ ಹಾಲ್ ಗೊತ್ತುಮಾಡಿದ ಮೇಲೆ ಮಂಟಪದ ಅಲಂಕಾರಕ್ಕೆ ಒಬ್ಬರನ್ನು ವಿಚಾರಿಸಿದೆವು. 4,800 ಡಾಲರ್ ಎಂದರು. ಶೇಕಡಾ 13ರ ಎಚ್.ಎಸ್.ಟಿ. ಸೇರಿದರೆ 5,424. ಬೆಳಿಗ್ಗೆ ಕಟ್ಟಿ ಸಂಜೆ ಬಿಚ್ಚುವ ನಾಲ್ಕು ಕಂಬಗಳಿಗೆ ಇಷ್ಟೇ? ನಾವಿಬ್ಬರೂ ಸಾಫ್ಟ್‌ವೇರ್ ಕೆಲಸದವರು. ಯಾವುದನ್ನು ಕಂಡರೂ "ಇದನ್ನು ನಾವೇ ಮಾಡಿದರೆ ಎಷ್ಟಾಗುತ್ತೆ?" ಎಂದು ಯೋಚಿಸುವುದು ನಮ್ಮ ಜಾತಿಯ ಗುಣ. ಅವತ್ತೇ ರಾತ್ರಿ ಎಕ್ಸೆಲ್ ಶೀಟ್ ತೆರೆದೆವು. ಪಿವಿಸಿ ಪೈಪ್, ಬಟ್ಟೆ, ಕ್ರೇಪ್ ಕಾಗದ, ಅಂಟು, ತಂತಿ, ಬಣ್ಣ... ಎಲ್ಲ ಸೇರಿಸಿದರೂ ಸಾವಿರ ದಾಟಲಿಲ್ಲ. "ಲೇಬರ್" ಅಂತ ಒಂದು ಕಾಲಂ ಇತ್ತು. ಅದರಲ್ಲಿ ಸೊನ್ನೆ ಹಾಕಿದೆವು. ಮನೆಯವರೇ ಮಾಡುವುದಲ್ಲವೇ!

ಆ ಸೊನ್ನೆಯ ವಿಷಯಕ್ಕೆ ಆಮೇಲೆ ಬರುತ್ತೇವೆ.

ಏಪ್ರಿಲ್ ಮೊದಲ ವಾರದಿಂದ ಆರು ಶನಿವಾರ ನಮ್ಮ ಬೇಸ್‌ಮೆಂಟ್ ಕಾರ್ಖಾನೆಯಾಯಿತು. ಊರಿನಲ್ಲಾದರೆ ಚೆಂಡು ಹೂವನ್ನು ಕೆ.ಜಿ. ಲೆಕ್ಕದಲ್ಲಿ, ಮಲ್ಲಿಗೆಯನ್ನು ಮೊಳದ ಲೆಕ್ಕದಲ್ಲಿ ತರಬಹುದು. ಇಲ್ಲಿ ವಿಕ್ಟೋರಿಯಾ ಡೇ ಕಳೆಯುವ ತನಕ ಮಂಜಿನ ಭಯಕ್ಕೆ ಹೂವಿನ ಸಸಿಯನ್ನೇ ನೆಲಕ್ಕೆ ಇಡುವುದಿಲ್ಲ. ಅದಕ್ಕೇ ಕಾಗದದ ಚೆಂಡು ಹೂ ಮಾಡುವುದೆಂದು ತೀರ್ಮಾನವಾಯಿತು. ಹಳದಿ, ಕೇಸರಿ ಕ್ರೇಪ್ ಕಾಗದವನ್ನು ಪದರ ಪದರವಾಗಿ ಮಡಿಸಿ, ನಡುವೆ ತಂತಿ ಕಟ್ಟಿ, ಅಂಚನ್ನು ಕತ್ತರಿಸಿ, ಒಂದೊಂದೇ ಪದರ ಬಿಡಿಸಬೇಕು. ಕೈ ಕುದುರಿದ ಮೇಲೆ ಒಂದು ಹೂವಿಗೆ ಐದು ನಿಮಿಷ. ನಮಗೆ ಬೇಕಾಗಿದ್ದದ್ದು 1,200 ಹೂ! ಹಳೆಯ ರೇಷ್ಮೆ ಸೀರೆಗಳು ಕಂಬಗಳಿಗೆ ನೆರಿಗೆಯಾದವು. ಹಸಿರು ಫೆಲ್ಟ್ ಬಟ್ಟೆ ಮಾವಿನ ತೋರಣವಾಯಿತು. ಬಾಸಿಂಗ ಮಾತ್ರ ಊರಿಂದಲೇ ಬಂತು. ಬೆಂಡಿನಿಂದ ಅದನ್ನು ಮಾಡುವ ಕೈ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಸೂಪರ್ ವೀಸಾದಲ್ಲಿ ಬಂದಿದ್ದ ಅಮ್ಮ ಸಾಗರದ ಕಡೆಯವರು. ಆ ಕಡೆ ದೀವರ ಮನೆಗಳಲ್ಲಿ ಮದುವೆಗೆ ಹಸೆ ಗೋಡೆಯ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು. ಕುಂಚ ಪುಂಡಿ ನಾರಿನದು. ಬರೆಯುವವರು ಹೆಣ್ಣುಮಕ್ಕಳು. ಮದುಮಕ್ಕಳು ಆ ಚಿತ್ತಾರದ ಮುಂದೆ ಕೂರುತ್ತಾರೆ. ನಾವು ಅದರ ಫೋಟೋ ತೋರಿಸಿ "ಇದನ್ನೇ ಮಂಟಪದ ಹಿಂದೆ ಬರೆದುಕೊಡಿ ಅಮ್ಮಾ" ಎಂದೆವು. ಅಮ್ಮ ಒಪ್ಪಲಿಲ್ಲ. "ಅದು ಅವರು ತಾಯಿಯಿಂದ ಮಗಳು ಕಲಿತ ವಿದ್ಯೆ. ನಾನು ನೋಡಿದ್ದೀನಿ ಅಷ್ಟೆ. ನೋಡಿದ್ದೆಲ್ಲ ನಮ್ಮದಾಗಲ್ಲ" ಎಂದು ಹೇಳಿ, ತಮಗೆ ಬರುವ ಎಳೆ ರಂಗೋಲಿಯನ್ನೇ ಕ್ಯಾನ್ವಾಸ್ ಮೇಲೆ ಬಿಡಿಸಿದರು. ಆ ಮಾತು ಅವತ್ತು ನಮಗೆ ಸ್ವಲ್ಪ ಹಠ ಎನಿಸಿತ್ತು. ಬೇರೆಯವರ ಕೈಕೆಲಸಕ್ಕೆ ಒಂದು ಗೌರವವಿದೆ, ಅದು ಪುಕ್ಕಟೆ ಸಿಗುವ ವಸ್ತುವಲ್ಲ ಎಂದು ಅವರು ಅವತ್ತೇ ಹೇಳಿದ್ದರು. ನಮ್ಮ ಕಿವಿಗೆ ಬೀಳಲಿಲ್ಲ.

ಮದುವೆಗೆ ಎರಡು ವಾರ ಇದ್ದಾಗ ಹಾಲ್‌ನವರು ಇನ್ನೊಂದು ವಿಷಯ ತೆಗೆದರು. ಒಂಟಾರಿಯೋದ ಫೈರ್ ಕೋಡ್ ಪ್ರಕಾರ ಜನ ಸೇರುವ ಕಡೆ ತೂಗುಬಿಡುವ ಪರದೆ, ಅಲಂಕಾರದ ಬಟ್ಟೆಗಳು ಬೇಗ ಬೆಂಕಿ ಹಿಡಿಯದಂಥವು ಆಗಿರಬೇಕು. ಕೈಯಿಂದ ಅಲಂಕಾರ ಮಾಡುವವರು ಇದನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು. ಹಿಂದಿನ ದೊಡ್ಡ ಪರದೆಯನ್ನು ಬಾಡಿಗೆಗೆ ತಂದೆವು. ಕಾಗದದ ಹೂಗಳಿಗೂ ಸೀರೆಗಳಿಗೂ ಬೆಂಕಿ ತಡೆಯುವ ದ್ರವ ಸಿಂಪಡಿಸಿ, ಹೋಮಕುಂಡದಿಂದ ದೂರ ಇಟ್ಟೆವು. ಇದೆಲ್ಲ ಸೇರಿ ಒಟ್ಟು ಖರ್ಚು 1,060 ಡಾಲರ್ ಆಯಿತು.

ಮದುವೆಯ ದಿನ ಬಂದವರೆಲ್ಲ ಮಂಟಪ ನೋಡಿ ಹೊಗಳಿದರು. ಆರತಕ್ಷತೆಯ ಹೊತ್ತಿಗೆ ನಾವು ಮೈಕ್ ಹಿಡಿದು, ಸ್ವಲ್ಪ ಜಂಬದಿಂದಲೇ, "ಐದೂವರೆ ಸಾವಿರದ ಮಂಟಪ, ಬರೀ ಸಾವಿರ ಡಾಲರ್‌ನಲ್ಲಿ ಆಯ್ತು!" ಎಂದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. "ಸಹಾಯ ಮಾಡಿದ ಎಲ್ಲರಿಗೂ ಧನ್ಯವಾದ" ಎಂದು ಒಂದೇ ವಾಕ್ಯದಲ್ಲಿ ಮುಗಿಸಿ ಊಟಕ್ಕೆ ಕರೆದೆವು.

ರಾತ್ರಿ ಮನೆಗೆ ಬಂದು ಸೀರೆ ಮಡಿಸುತ್ತಾ ಅಮ್ಮ ಕೇಳಿದರು: "ಆ ಸಾವಿರ ಡಾಲರ್‌ನಲ್ಲಿ ಅಕ್ಕನ ಕೈ ಎಲ್ಲಿ ಬಂತು?"

ಅಕ್ಕ ಎಂದರೆ ನಮ್ಮ ಬೀದಿಯಲ್ಲೇ ಮೂರು ಮನೆ ಆಚೆ ಬೇಸ್‌ಮೆಂಟ್‌ನಲ್ಲಿ ಬಾಡಿಗೆಗೆ ಇರುವ ಹಾಸನದ ಕಡೆಯ ಗೃಹಿಣಿ. ಗೃಹಿಣಿ ಎಂದದ್ದು ಅಭ್ಯಾಸಬಲ. ಅವರು ವೇರ್‌ಹೌಸ್‌ನಲ್ಲಿ ಶಿಫ್ಟ್ ಕೆಲಸ ಮಾಡುತ್ತಾರೆ. 1,200 ಹೂಗಳಲ್ಲಿ ಸುಮಾರು 500 ಅವರ ಕೈಯಿಂದಲೇ ಆದವು. ದಿನವಿಡೀ ಪೆಟ್ಟಿಗೆ ಎತ್ತಿದ ಕೈಯಿಂದ ರಾತ್ರಿ ಹನ್ನೊಂದರವರೆಗೆ ಕಾಗದ ಬಿಡಿಸುತ್ತಿದ್ದರು. ಸಾಲದ್ದಕ್ಕೆ, ನಮ್ಮ ಕೆಲಸಕ್ಕಾಗಿಯೇ ಎರಡು ಶನಿವಾರ ಅವರು ಶಿಫ್ಟ್ ಬಿಟ್ಟಿದ್ದರಂತೆ. ಇದು ಅಮ್ಮನಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ನಾವು ಕೇಳಿರಲೇ ಇಲ್ಲ. ನಮಗೆ ಶನಿವಾರ ಎಂದರೆ ರಜೆ. ಅದು ಎಲ್ಲರಿಗೂ ರಜೆ ಎಂದುಕೊಂಡಿದ್ದೆವು. ಮದುವೆಯ ದಿನ ಅಕ್ಕ ಹಿಂದಿನ ಸಾಲಿನ ಟೇಬಲ್‌ನಲ್ಲಿ ಕೂತು ಊಟ ಮಾಡಿ, ಹೆಣ್ಣಿಗೆ ಅಕ್ಷತೆ ಹಾಕಿ, ಬೇಗ ಹೊರಟುಹೋಗಿದ್ದರು. ಮಾರನೆಯ ಬೆಳಿಗ್ಗೆ ಅವರಿಗೆ ಶಿಫ್ಟ್ ಇತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಎಕ್ಸೆಲ್ ಶೀಟನ್ನು ಮತ್ತೆ ತೆರೆದು ಸೊನ್ನೆಯ ಜಾಗಕ್ಕೆ ನಿಜವಾದ ಲೆಕ್ಕ ತುಂಬಿದೆವು. ಹೂವಿಗೆ 100 ಗಂಟೆ. ಚೌಕಟ್ಟು, ಹೊಲಿಗೆ, ತೋರಣ, ರಂಗೋಲಿ, ಸಾಗಣೆ, ಕಟ್ಟುವುದು, ಬಿಚ್ಚುವುದು ಎಲ್ಲ ಸೇರಿ ಇನ್ನು 130 ಗಂಟೆ. ಒಟ್ಟು 230. ಆಗ ಒಂಟಾರಿಯೋದ ಕನಿಷ್ಠ ಕೂಲಿ ಗಂಟೆಗೆ 17.20 ಡಾಲರ್. (2025ರ ಅಕ್ಟೋಬರ್‌ನಲ್ಲಿ 17.60 ಆಯಿತು.) ಗುಣಿಸಿದರೆ 3,956. ಸಾಮಾನಿನ 1,060 ಕೂಡಿಸಿದರೆ 5,016. ಅಲಂಕಾರದವರು ಕೇಳಿದ್ದು 5,424. ಅಂದರೆ ನಾವು ನಿಜವಾಗಿ ಉಳಿಸಿದ್ದು 408 ಡಾಲರ್! ಮಿಕ್ಕಿದ್ದೆಲ್ಲ ಉಳಿತಾಯವಲ್ಲ, ಬೇರೆಯವರ ಜೇಬಿನಿಂದ ನಮಗೆ ತಿಳಿಯದಂತೆ ನಾವು ತೆಗೆದುಕೊಂಡಿದ್ದು. ಅದರಲ್ಲೂ ನಮ್ಮೆಲ್ಲರಿಗಿಂತ ಕಡಿಮೆ ಸಂಪಾದಿಸುವವರೇ ಹೆಚ್ಚು ಕೊಟ್ಟಿದ್ದರು. "ದುಬಾರಿ" ಎಂದು ನಾವು ಬೈದ ಆ ಅಲಂಕಾರದವರು ತಮ್ಮ ಕೆಲಸದವರಿಗೆ ಸಂಬಳ ಕೊಡಬೇಕಿತ್ತು ಎಂಬುದೂ ಆಗಲೇ ಹೊಳೆದದ್ದು.

ಹಾಗಾದರೆ ಕೈಯಿಂದ ಮಾಡಿದ್ದೇ ತಪ್ಪೇ? ನೆರೆಹೊರೆಯವರ ಸಹಾಯ ಕೇಳಬಾರದೇ? ನಮ್ಮನ್ನು ಕಾಡಿದ ಪ್ರಶ್ನೆ ಇದು.

ಊರಿನಲ್ಲಿ ಮದುವೆ ಎಂದರೆ ಮೊದಲು ಚಪ್ಪರ. ಹಿಂದಿನ ದಿನವೇ ಕೇರಿಯ ಗಂಡಸರು ಬಂದು ಕಂಬ ನೆಟ್ಟು, ತೆಂಗಿನ ಗರಿ ಹೆಣೆದು ಹೊದಿಸಿ, ಬಾಳೆ ಕಂಬ ಕಟ್ಟುತ್ತಿದ್ದರು. ಹೆಂಗಸರು ಹಪ್ಪಳ, ಶ್ಯಾವಿಗೆ, ಹಸೆ, ಹಾಡು. ಯಾರೂ ಕೂಲಿ ಕೇಳುತ್ತಿರಲಿಲ್ಲ. ಅದನ್ನು ನೆನೆದು ನಾವು "ಆಗೆಲ್ಲ ಎಷ್ಟು ಚೆನ್ನಾಗಿತ್ತು, ಎಲ್ಲ ಪ್ರೀತಿಯಿಂದ ಮಾಡುತ್ತಿದ್ದರು" ಎನ್ನುತ್ತೇವೆ. ಪ್ರೀತಿ ಇತ್ತು, ನಿಜ. ಆದರೆ ಲೆಕ್ಕವೂ ಇತ್ತು! ಅದರ ಹೆಸರು ಮುಯ್ಯಿ. ಗದ್ದೆ ಕೆಲಸಕ್ಕೆ ಇವತ್ತು ನಿಮ್ಮ ಮನೆಯಿಂದ ಇಬ್ಬರು ಬಂದರೆ, ನಾಳೆ ನಮ್ಮ ಮನೆಯಿಂದ ಇಬ್ಬರು ನಿಮ್ಮ ಗದ್ದೆಗೆ ಹೋಗಬೇಕು. ಅದು ಮುಯ್ಯಾಳು. ಮದುವೆಯಲ್ಲಿ ಮುಯ್ಯಿ ಮಾಡಿದವರ ಹೆಸರನ್ನೂ ಮೊತ್ತವನ್ನೂ ಒಬ್ಬರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅವರ ಮನೆಯ ಮದುವೆ ಬಂದಾಗ ಆ ಪುಸ್ತಕ ತೆಗೆದು ನೋಡಿ, ಅದಕ್ಕಿಂತ ಒಂದು ಕೈ ಮೇಲಾಗಿ ಹಿಂದಿರುಗಿಸಬೇಕು. ಮರೆತರೆ ಊರಿನಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ. "ಮುಯ್ಯಿ ತೀರಿಸು" ಎಂಬ ಮಾತು ಕನ್ನಡದಲ್ಲಿ ಉಪಕಾರಕ್ಕೂ ಸಲ್ಲುತ್ತದೆ, ಹಗೆಗೂ ಸಲ್ಲುತ್ತದೆ. ತೀರಿಸದೆ ಬಿಟ್ಟ ಉಪಕಾರ ಎಲ್ಲಿಗೆ ಮುಟ್ಟಬಹುದು ಎಂದು ಭಾಷೆಗೇ ಗೊತ್ತಿತ್ತೇನೋ! ಇದು ನಮ್ಮ ಊರಿನ ಕಥೆ ಮಾತ್ರವಲ್ಲ. ಫ್ರಾನ್ಸಿನ ವಿದ್ವಾಂಸ ಮಾರ್ಸೆಲ್ ಮೌಸ್ 1925ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಬೇರೆ ಬೇರೆ ಸಮಾಜಗಳಲ್ಲಿ ಕೊಡುವುದು, ಸ್ವೀಕರಿಸುವುದು, ಹಿಂದಿರುಗಿಸುವುದು ಮೂರೂ ಕರ್ತವ್ಯಗಳೇ ಎಂದು ತೋರಿಸಿದ್ದರು.

ಹಳೆಯದೆಲ್ಲ ಹೊನ್ನು ಎಂದು ಹೇಳುತ್ತಿಲ್ಲ. ಚಪ್ಪರ ಹಾಕಿದವರಲ್ಲಿ ಕೆಲವರಿಗೆ ಊಟದ ಪಂಕ್ತಿಯೇ ಬೇರೆ ಇರುತ್ತಿತ್ತು ಎಂಬುದನ್ನು ನಾವು ಮರೆಯಬಾರದು. ಅವರ ಕೈಕೆಲಸ ಮುಯ್ಯಿ ಪುಸ್ತಕಕ್ಕೆ ಏರುತ್ತಿರಲಿಲ್ಲ. ಹೆಂಗಸರ ಹಗಲು ರಾತ್ರಿಯ ದುಡಿಮೆಯನ್ನು ಯಾರು ಬರೆದಿಟ್ಟರು? ಯೋಚಿಸಿದರೆ, ನಮ್ಮ ಎಕ್ಸೆಲ್ ಶೀಟಿನ ಸೊನ್ನೆ ಹೊಸದೇನಲ್ಲ. ಅದನ್ನೂ ನಾವು ಊರಿನಿಂದಲೇ ಸೂಟ್‌ಕೇಸಿನಲ್ಲಿ ಹೊತ್ತು ತಂದಿದ್ದೆವು.

ಈ ವಿಷಯ ಸ್ನೇಹಿತರೊಬ್ಬರ ಮುಂದೆ ಬಂದಾಗ ಅವರು, "ಅದಕ್ಕೇ ದುಡ್ಡು ಕೊಟ್ಟು ಮಾಡಿಸಬೇಕು. ದುಡ್ಡು ಕೊಟ್ಟರೆ ಋಣ ಇಲ್ಲ, ಮುಲಾಜಿಲ್ಲ" ಎಂದರು. ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಕೂಲಿ ಪಡೆದವರು ಬೇಡವೆನಿಸಿದರೆ ಬೇಡ ಎನ್ನಬಹುದು. ನೆಂಟರಿಗೆ, ನೆರೆಯವರಿಗೆ ಆ ಸ್ವಾತಂತ್ರ್ಯ ಇಲ್ಲ. ಅನುಕೂಲ ಇದ್ದವರು ಕೆಲಸ ಬಲ್ಲವರಿಗೆ ನ್ಯಾಯವಾದ ಹಣ ಕೊಟ್ಟು ಮಾಡಿಸಿದರೆ ಅದರಲ್ಲಿ ಯಾವ ಕೊರತೆಯೂ ಇಲ್ಲ.

ಇನ್ನೊಬ್ಬರು, "ಅಲಂಕಾರವೇ ಯಾಕೆ ಬೇಕು?" ಎಂದರು. ಇದೂ ತೂಕದ ಮಾತೇ. ಕುವೆಂಪು ಅವರು ಆಡಂಬರವಿಲ್ಲದ ಮಂತ್ರಮಾಂಗಲ್ಯದ ದಾರಿ ತೋರಿಸಿದರು. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಹಾಗೆಯೇ ಆಯಿತು. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು 1972ರಲ್ಲಿ ಸಾಮೂಹಿಕ ವಿವಾಹ ಆರಂಭಿಸಿದರು. ಮದುವೆಯ ಸಾಲದಿಂದ ಎಷ್ಟೋ ಬಡ ಕುಟುಂಬಗಳು ಪಾರಾದವು. ಎರಡರ ದಾರಿ ಬೇರೆ. ಆದರೆ ಮದುವೆಗೆ ಬೇಕಾದದ್ದು ಒಪ್ಪಿದ ಎರಡು ಮನಸ್ಸು, ಹರಸುವ ನಾಲ್ಕು ಜನ ಎಂಬುದನ್ನು ಎರಡೂ ನೆನಪಿಸುತ್ತವೆ.

ಹೀಗಿದ್ದೂ ನಮಗೆ ಆ ಆರು ಶನಿವಾರ ವ್ಯರ್ಥ ಎನಿಸುವುದಿಲ್ಲ. ಇಲ್ಲೇ ಹುಟ್ಟಿದ ಮಕ್ಕಳು ಅಮ್ಮನ ಪಕ್ಕ ಕೂತು ಎಳೆ ಎಂದರೇನು, ನೆರಿಗೆ ಎಂದರೇನು ಎಂದು ಕಲಿತರು. ವರ್ಷಗಟ್ಟಲೆ "ಹಲೋ, ಹಾಯ್" ಅಷ್ಟೇ ಇದ್ದ ಮನೆಗಳ ನಡುವೆ ಚಟ್ನಿಪುಡಿ ಡಬ್ಬಿ ಓಡಾಡತೊಡಗಿತು. ಅತ್ತೆ, ಚಿಕ್ಕಮ್ಮ, ಸೋದರಮಾವ ಯಾರೂ ಕೂಗಿದರೆ ಓಡಿಬರುವಷ್ಟು ಹತ್ತಿರ ಇಲ್ಲದ ಈ ದೇಶದಲ್ಲಿ ನೆರೆಯವರನ್ನು ನೆಂಟರಾಗಿ ಮಾಡುವುದು ಯಾವುದು? ಒಬ್ಬರಿಗೊಬ್ಬರು ಸ್ವಲ್ಪ ಋಣದಲ್ಲಿ ಇರುವುದೇ ಅಲ್ಲವೇ? ಎಲ್ಲ ಲೆಕ್ಕವನ್ನೂ ಅಲ್ಲಲ್ಲೇ ಚುಕ್ತಾ ಮಾಡಿಕೊಂಡು ಹೋದರೆ ಮತ್ತೆ ಬಾಗಿಲು ತಟ್ಟಲು ಕಾರಣವೇ ಉಳಿಯುವುದಿಲ್ಲ. ಹಾಗಾಗಿ ಋಣ ಮಾಡಿದ್ದು ನಮ್ಮ ತಪ್ಪಲ್ಲ. ಋಣವನ್ನು ಉಳಿತಾಯ ಎಂದು ಕರೆದದ್ದು ತಪ್ಪು.

ಗೀತೆಯಲ್ಲಿ ಇದಕ್ಕೆ ಬೇರೆ ಮಾತಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಹದಿನೇಳನೆಯ ಅಧ್ಯಾಯದ ಇಪ್ಪತ್ತನೆಯ ಶ್ಲೋಕ. (17.20! ಅಂದಿನ ಕನಿಷ್ಠ ಕೂಲಿಯ ಸಂಖ್ಯೆಯೇ. ಬರೀ ಕಾಕತಾಳೀಯ. ಆದರೂ ಅದನ್ನು ಕಂಡ ದಿನದಿಂದ ಎರಡೂ ನಮ್ಮ ತಲೆಯಲ್ಲಿ ಒಟ್ಟಿಗೇ ಕೂತಿವೆ.) ಕೊಡುವುದು ಕರ್ತವ್ಯವೆಂದು ತಿಳಿದು, ತಿರುಗಿ ಉಪಕಾರ ಮಾಡದವರಿಗೆ, ತಕ್ಕ ಸ್ಥಳ ಕಾಲಗಳಲ್ಲಿ, ತಕ್ಕವರಿಗೆ ಕೊಟ್ಟದ್ದು ಸಾತ್ವಿಕ ದಾನ ಎನ್ನುತ್ತದೆ ಆ ಶ್ಲೋಕ. ಪ್ರತ್ಯುಪಕಾರದ ಆಸೆಯಿಂದ ಕೊಟ್ಟದ್ದು ರಾಜಸ ಎಂದು ಮುಂದಿನದು ಹೇಳುತ್ತದೆ. ಹಾಗಾದರೆ ಮುಯ್ಯಿ ಪುಸ್ತಕ ಕೀಳಾಯಿತೇ?

ನಮಗೆ ತೋಚಿದ್ದು ಇಷ್ಟು. ಆ ಮಾತು ಕೊಡುವವರ ಮನಸ್ಸಿನ ಬಗ್ಗೆ. ತೆಗೆದುಕೊಂಡವರಿಗೆ ಅದು ಮರೆಯುವ ಪರವಾನಗಿ ಕೊಡುವುದಿಲ್ಲ. ಅಕ್ಕ ಲೆಕ್ಕ ಇಡಲಿಲ್ಲ, ಅದು ಅವರ ಸಾತ್ವಿಕ ಗುಣ. ಅದನ್ನು ನೋಡಿ ನಾವೂ ಲೆಕ್ಕ ಇಡದಿದ್ದರೆ ಅದು ನಮ್ಮ ಸಾತ್ವಿಕ ಗುಣ ಆಗುವುದಿಲ್ಲ, ಸೋಮಾರಿತನ ಆಗುತ್ತದೆ. ಕೊಟ್ಟವರು ಮರೆಯಬೇಕು, ಪಡೆದವರು ಬರೆದಿಡಬೇಕು. ಎರಡೂ ಕಡೆಯವರು ಬರೆದಿಟ್ಟರೆ ವ್ಯಾಪಾರ. ಎರಡೂ ಕಡೆಯವರು ಮರೆತರೆ, ಕೊನೆಗೆ ನಷ್ಟ ಆಗುವುದು ಬಾಯಿಬಿಟ್ಟು ಕೇಳಲಾರದವರಿಗೆ.

ಮುಂದಿನ ಭಾನುವಾರ ಅಕ್ಕನ ಮನೆಗೆ ಹೋದೆವು. ತಾಂಬೂಲದ ತಟ್ಟೆಯಲ್ಲಿ ಸೀರೆಯ ಕೆಳಗೆ ಒಂದು ಕವರ್ ಇಟ್ಟಿದ್ದೆವು. ಎರಡು ಶಿಫ್ಟಿನ ಸಂಬಳ. ಅಕ್ಕ ಸೀರೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಕವರ್ ಕಂಡು ಮುಖ ಸಣ್ಣದಾಯಿತು. "ಏನ್ರಪ್ಪಾ ಇದು? ನಾನು ನಮ್ಮ ಹುಡುಗಿ ಮದುವೆ ಅಂತ ಬಂದಿದ್ದೆ. ಈಗ ನನ್ನನ್ನ ಕೂಲಿಯವಳು ಮಾಡ್ತೀರಾ?" ಎಂದರು. ಮೊದಲು ಮರೆತು ನೋಯಿಸಿದ್ದೆವು. ಈಗ ನೆನಪಿಟ್ಟುಕೊಂಡೂ ನೋಯಿಸಿದೆವು! ಏನು ಹೇಳಲೂ ತೋಚದೆ, ಮೈಕ್‌ನಲ್ಲಿ ಹೆಸರು ಹೇಳದ್ದಕ್ಕೆ ಕ್ಷಮೆ ಕೇಳಿದೆವು. "ಹೆಸರು ಬಿಡಿ. ಬರೀ ಸಾವಿರ ಅಂದ್ರಲ್ಲ, ಅದು ಸ್ವಲ್ಪ ಚುಚ್ಚಿತು" ಎಂದು ಅಕ್ಕ ನೇರವಾಗಿಯೇ ಹೇಳಿದರು. ಕಾಫಿ ಕುಡಿಯುತ್ತಾ ಸ್ವಲ್ಪ ಹೊತ್ತಾದ ಮೇಲೆ, "ನನ್ನ ಮಗ ಸೆಪ್ಟೆಂಬರ್‌ಗೆ ಗ್ರೇಡ್ 12. ಕ್ಯಾಲ್ಕುಲಸ್ ಅಂದ್ರೆ ಹೆದರ್ತಾನೆ. ನೀವು ಇಂಜಿನಿಯರಿಂಗ್ ಓದಿದೋರು, ವಾರಕ್ಕೊಂದು ಸಲ ನೋಡ್ತೀರಾ?" ಎಂದರು.

ಸೆಪ್ಟೆಂಬರ್‌ನಿಂದ ಪ್ರತಿ ಶನಿವಾರ ಎರಡು ಗಂಟೆ, ಹಿಮ ಬೀಳಲಿ, ಮಳೆ ಬರಲಿ, ಹೂ ಮಾಡಿದ ಅದೇ ಬೇಸ್‌ಮೆಂಟ್ ಟೇಬಲ್ ಮೇಲೆ ಡೆರಿವೇಟಿವ್ ನಡೆಯಿತು. ಕೆಲವು ಶನಿವಾರ ನಮಗೂ ಬೇಸರ ಬಂತು, ಕೆಲಸದ ಒತ್ತಡ ಇತ್ತು. ಆಗ ಅಕ್ಕ ಬಿಟ್ಟ ಶಿಫ್ಟ್ ನೆನಪಾಗುತ್ತಿತ್ತು. ಋಣ ತೀರಿತೇ ಎಂದರೆ ಗೊತ್ತಿಲ್ಲ. ಗಂಟೆಗೆ ಗಂಟೆ ಲೆಕ್ಕ ಹಾಕಿದರೆ ತೀರಿರಬಹುದು. ಆದರೆ ನಮಗೆ ಬೇಕಾದಾಗ ಅವರು ಕೆಲಸ ಬಿಟ್ಟು ಬಂದರು, ನಾವು ರಜೆಯ ಹೊತ್ತು ಕೊಟ್ಟೆವು. ಎರಡೂ ಒಂದೇ ತೂಕದವಲ್ಲ.

ಮನೆಯಲ್ಲಿ ಶುಭಕಾರ್ಯ ಇಟ್ಟುಕೊಂಡ ಓದುಗರಿಗೆ ಅನುಭವದಿಂದ ನಾಲ್ಕು ಮಾತು ಹೇಳಬಹುದಾದರೆ: ಸಹಾಯ ಕೇಳುವ ಮೊದಲು "ಆ ದಿನ ನಿಮಗೆ ಕೆಲಸ ಇದೆಯೇ?" ಎಂದು ಕೇಳಿ. "ಆಗಲ್ಲ" ಎನ್ನಲು ದಾರಿ ಇಟ್ಟೇ ಕೇಳಿ. ಯಾರು ಎಷ್ಟು ಹೊತ್ತು ಕೂತರು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ, ಅವರಿಗೆ ತೋರಿಸಲು ಅಲ್ಲ, ನೀವು ಮರೆಯದಿರಲು. ದುಡಿದವರನ್ನು ಹೆಸರು ಹಿಡಿದು ನೆನೆಯಿರಿ, ಮುಂದಿನ ಸಾಲಿನಲ್ಲಿ ಕೂರಿಸಿ ಊಟ ಬಡಿಸಿ. ಖರ್ಚು ಎಷ್ಟಾಯಿತು ಎಂದು ಯಾರಾದರೂ ಕೇಳಿದರೆ ಡಾಲರ್ ಹೇಳಿ ಅಲ್ಲಿಗೇ ನಿಲ್ಲಿಸಬೇಡಿ, ಗಂಟೆಯನ್ನೂ ಹೇಳಿ.

ಆ ಮಂಟಪ ಈಗಲೂ ನಮ್ಮ ಬೇಸ್‌ಮೆಂಟಿನಲ್ಲಿದೆ. ಪೈಪುಗಳು, ತೋರಣ, ಎಂಟು ಪೆಟ್ಟಿಗೆ ಚೆಂಡು ಹೂ. ಕೆಲವು ಹೂ ಬಣ್ಣಗೆಟ್ಟಿವೆ, ಮಿಕ್ಕವು ಚೆನ್ನಾಗಿವೆ. ನಮ್ಮ ಸಮಾಜದ ಯಾರಿಗೆ ಬೇಕಾದರೂ ಕೊಡುತ್ತೇವೆ. ಬಾಡಿಗೆ ಇಲ್ಲ. ಬೆಂಕಿ ತಡೆಯುವ ದ್ರವವನ್ನು ಮತ್ತೊಮ್ಮೆ ಸಿಂಪಡಿಸಿಕೊಳ್ಳಬೇಕು, ಅಷ್ಟೆ. ಪೆಟ್ಟಿಗೆಗಳ ಜೊತೆ ಒಂದು ನೂರು ಪುಟದ ನೋಟ್‌ಬುಕ್ಕೂ ಬರುತ್ತದೆ. ಮೊದಲ ಪುಟದಲ್ಲಿ ಈ ಹೂಗಳನ್ನು ಮಾಡಿದ ಹದಿನಾಲ್ಕು ಜನರ ಹೆಸರು, ಅವರ ಗಂಟೆಗಳು ಇವೆ. ಮೊದಲ ಹೆಸರು ಅಕ್ಕನದು. ನಿಮ್ಮ ಮನೆಯ ಕಾರ್ಯಕ್ಕೆ ದುಡಿದವರ ಹೆಸರನ್ನು ಮುಂದಿನ ಪುಟದಲ್ಲಿ ಬರೆದು ಕಳಿಸಿಕೊಡಿ.